ಪುಟ್ಟಿ, ಗುಮ್ಮಟ ಆಮೇಲೆ ನೋಡು, ಮೊದಲು ಕಂಬ ನೋಡು

ಪ್ರೀತಿಯ ಪುಟ್ಟಿ,

ಇಸ್ತಾಂಬುಲ್‌ನಲ್ಲಿ ಮನೆ ಸಿಕ್ಕಿತು, ಆಫೀಸಿಗೆ ಟ್ರಾಮ್‌ನಲ್ಲೇ ಹೋಗಬಹುದು ಅಂದೆಯಲ್ಲ, ಸಮಾಧಾನವಾಯಿತು. ಊಟ, ಚಳಿ, ಬಾಡಿಗೆ ಇದನ್ನೆಲ್ಲ ನಿಮ್ಮಪ್ಪ ದಿನಾ ಫೋನಿನಲ್ಲಿ ಕೇಳ್ತಾನೇ ಇದ್ದಾರೆ. ನಾನು ಅಲ್ಲಿನ ಮಸೀದಿಗಳ ಬಗ್ಗೆ ಬರೆಯುತ್ತೇನೆ. ಪಿಡಬ್ಲ್ಯೂಡಿಯಲ್ಲಿ ಸರ್ವಿಸ್ ಪೂರ್ತಿ ಕಳೆದವಳು ಇನ್ನೇನು ಬರೆಯಲಿ ಹೇಳು? ನಾವು ಹೋಗಿದ್ದಾಗ ಟೂರಿನವರು ಫೋಟೋ ತೆಗೆಯುವಷ್ಟು ಹೊತ್ತು ಬಿಟ್ಟು ಮತ್ತೆ ಬಸ್ಸಿಗೆ ಹತ್ತಿಸುತ್ತಿದ್ದರು. ನಿನಗೆ ಆ ಗಡಿಬಿಡಿ ಇಲ್ಲ. ವಾರದ ರಜೆಗೆ ಒಂದೊಂದೇ ನೋಡು. ತಲೆಗೆ ಒಂದು ದುಪಟ್ಟಾ, ಬಿಚ್ಚಿ ಹಾಕಲು ಸುಲಭವಾದ ಚಪ್ಪಲಿ ಇರಲಿ. ಶುಕ್ರವಾರ ಮಧ್ಯಾಹ್ನ ಮಾತ್ರ ಹೋಗಬೇಡ, ನಮಾಜಿನ ಜನ ಜಾಸ್ತಿ.

ನನ್ನದು ಒಂದೇ ಮಾತು. ಒಳಗೆ ಹೋದ ಕೂಡಲೇ ತಲೆ ಎತ್ತಿ ಗುಮ್ಮಟ ನೋಡಬೇಡ. ಎಲ್ಲರೂ ಅದನ್ನೇ ಮಾಡುತ್ತಾರೆ. ನೀನು ಮೊದಲು ಅದರ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತದೆ ಅಂತ ಹುಡುಕು.

ಗುಮ್ಮಟ ಬರೀ ಕೆಳಕ್ಕೆ ಒತ್ತುವುದಿಲ್ಲ, ಹೊರಕ್ಕೂ ತಳ್ಳುತ್ತದೆ. ಒದ್ದೆ ನೆಲದ ಮೇಲೆ ಏಣಿ ಇಟ್ಟರೆ ಬುಡ ಹೊರಕ್ಕೆ ಜಾರುತ್ತದಲ್ಲ, ಹಾಗೆ. ಆ ಜಾರುವಿಕೆಯನ್ನು ಯಾರಾದರೂ ಹಿಡಿದುಕೊಳ್ಳಬೇಕು. ನಮ್ಮ ಗೋಳಗುಮ್ಮಟದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಎಂಟು ಕಮಾನು ಮತ್ತು ಸುಮಾರು ಮೂರು ಮೀಟರ್ ದಪ್ಪದ ಗೋಡೆ ಆ ಕೆಲಸ ಮಾಡುತ್ತವೆ. ಅದು ಗೋರಿ, ಬೆಳಕು ಕಡಿಮೆ ಇದ್ದರೂ ನಡೆಯುತ್ತದೆ. ತುರ್ಕರಿಗೆ ಹಾಗಲ್ಲ. ಸಾವಿರಾರು ಜನ ಸಾಲಾಗಿ ನಿಲ್ಲಬೇಕು, ಮಧ್ಯೆ ಕಂಬ ಅಡ್ಡ ಬರಬಾರದು, ಗೋಡೆ ತುಂಬ ಕಿಟಕಿ ಬೇಕು. ಕಿಟಕಿ ಬೇಕು ಅಂದರೆ ದಪ್ಪ ಗೋಡೆ ಬಿಡಬೇಕು. ತಲೆನೋವು ಶುರುವಾಗುವುದೇ ಅಲ್ಲಿ.

ಮೊದಲು ಹಾಗಿಯಾ ಸೋಫಿಯಾಕ್ಕೆ ಹೋಗು, ಉಳಿದದ್ದು ಅರ್ಥ ಆಗಬೇಕಾದರೆ ಅದನ್ನು ನೋಡಿರಬೇಕು. ಅದು ಹುಟ್ಟಿದ್ದು ಚರ್ಚಾಗಿ. ಜಸ್ಟಿನಿಯನ್ ದೊರೆ 532ರಲ್ಲಿ ಶುರು ಮಾಡಿಸಿ 537ರಲ್ಲಿ ಮುಗಿಸಿದ. ಅಷ್ಟು ದೊಡ್ಡ ಕಟ್ಟಡ ಐದೇ ವರ್ಷಕ್ಕೆ! ನಮ್ಮಲ್ಲಿ ಒಂದು ಸೇತುವೆಯ ಎಸ್ಟಿಮೇಟ್ ಅಷ್ಟರಲ್ಲಿ ಪಾಸಾದರೆ ಪುಣ್ಯ. ಆದರೆ ಅವಸರಕ್ಕೆ ಬೆಲೆ ತೆರಬೇಕಾಯಿತು. ಭೂಕಂಪಗಳಿಂದ ಸಡಿಲವಾಗಿದ್ದ ಗುಮ್ಮಟ 558ರಲ್ಲಿ ಬಿದ್ದೇಬಿಟ್ಟಿತು. ಮೊದಲನೆಯದು ತೀರಾ ಚಪ್ಪಟೆಯಾಗಿತ್ತು, ಹಾಗಾಗಿ ಹೊರಕ್ಕೆ ತಳ್ಳುವ ಬಲ ಜಾಸ್ತಿ. ಎರಡನೇ ಸಲ ಇನ್ನಷ್ಟು ಎತ್ತರಕ್ಕೆ ಉಬ್ಬಿಸಿ ಕಟ್ಟಿದರು. 989ರಲ್ಲಿ ಒಂದು ಭಾಗ ಬಿತ್ತು, 1346ರಲ್ಲಿ ಇನ್ನೊಂದು ಭಾಗ ಬಿತ್ತು, ಪ್ರತಿ ಸಲವೂ ಮತ್ತೆ ಕಟ್ಟಿದರು. 1453ರಲ್ಲಿ ಊರು ತುರ್ಕರ ಕೈಗೆ ಬಂದು ಮಸೀದಿಯಾಯಿತು, 1935ರಿಂದ ಮ್ಯೂಸಿಯಂ, 2020ರಿಂದ ಮತ್ತೆ ಮಸೀದಿ. ಆ ರಾಜಕೀಯದ ಜಗಳ ನಿನಗೆ ಅಲ್ಲಿ ಬೇಕಾದಷ್ಟು ಕೇಳಲು ಸಿಗುತ್ತದೆ, ನಾನು ಅದಕ್ಕೆ ಕೈ ಹಾಕಲ್ಲ. ನೀನು ಟಿಕೆಟ್ ತೆಗೆದುಕೊಂಡು ಮೇಲಿನ ಮಹಡಿಗೆ ಹೋಗು. ಅಲ್ಲಿನ ಕಂಬಗಳನ್ನು ಕಣ್ಣು ಕಿರಿದು ಮಾಡಿ ನೋಡಿದರೆ ಹಲವು ಕಂಬ ಹೊರಕ್ಕೆ ವಾಲಿರುವುದು ಗೊತ್ತಾಗುತ್ತದೆ. ಗುಮ್ಮಟ ತಳ್ಳಿದ ಗುರುತು ಅದು. ಆಮೇಲೆ ಹೊರಗೆ ಬಂದು ಒಂದು ಸುತ್ತು ಹಾಕು. ದೊಡ್ಡ ದೊಡ್ಡ ಆಸರೆ ಗೋಡೆಗಳು ಕಾಣುತ್ತವೆ, ನೋಡಲು ಚೆಂದ ಇಲ್ಲ. ಬೇರೆ ಬೇರೆ ಕಾಲದವರು ಕಟ್ಟಿದ್ದು, ಅದರಲ್ಲಿ ಸಿನಾನ್‌ನ ಕೈಯೂ ಇದೆ.

ಈ ಸಿನಾನ್ ನನ್ನ ಮನುಷ್ಯ. ಕೈಸೇರಿ ಕಡೆಯ ಹಳ್ಳಿಯ ಕ್ರಿಶ್ಚಿಯನ್ ಹುಡುಗ. ಸುಲ್ತಾನನ ಸೈನ್ಯಕ್ಕೆ ಹಿಡಿದುಕೊಂಡು ಹೋದರು. ದಂಡಿನ ಜೊತೆ ತಿರುಗುತ್ತಾ ಸೇತುವೆ ಕಟ್ಟಿದ, ಬಡಗಿ ಕೆಲಸ ಕಲಿತ, ಐವತ್ತರ ಹತ್ತಿರ ಬಂದಾಗ ಇಡೀ ಸಾಮ್ರಾಜ್ಯದ ಮುಖ್ಯ ವಾಸ್ತುಶಿಲ್ಪಿಯಾದ. 1588ರಲ್ಲಿ ಸಾಯುವ ತನಕ ಅದೇ ಹುದ್ದೆ. ಅವನಿಗೆ ರಿಟೈರ್ಮೆಂಟ್ ಅನ್ನುವುದೇ ಇರಲಿಲ್ಲ ನೋಡು. ಹಾಗಿಯಾ ಸೋಫಿಯಾಕ್ಕೆ ಆಸರೆ ಕಟ್ಟಿದವನಿಗೆ ಅದರ ದೌರ್ಬಲ್ಯ ಒಂದೊಂದೂ ಗೊತ್ತಿತ್ತು, ಅಲ್ವಾ? ಅಂಥದ್ದೇ ಗುಮ್ಮಟ, ಆದರೆ ವಾಲದ ಹಾಗೆ, ಆಸರೆ ಕಾಣದ ಹಾಗೆ ಕಟ್ಟುವುದು ಹೇಗೆ? ಜೀವನಪೂರ್ತಿ ಅವನು ಬಿಡಿಸಿದ್ದು ಇದೇ ಲೆಕ್ಕ ಅಂತ ನನಗೆ ಅನಿಸುತ್ತದೆ.

ಸುಲೇಮಾನಿಯೆ ಮಸೀದಿಯಲ್ಲಿ ಆ ಲೆಕ್ಕ ಅರ್ಧ ಬಿಡಿಸಿದ. 1550ರಲ್ಲಿ ಶುರು, 1557ರಲ್ಲಿ ಮುಕ್ತಾಯ. ಇಲ್ಲೂ ಹಾಗಿಯಾ ಸೋಫಿಯಾದ ಹಾಗೆ ಹಿಂದೆ ಮುಂದೆ ಎರಡು ಅರೆಗುಮ್ಮಟ, ಅಕ್ಕಪಕ್ಕದಲ್ಲಿ ಕಿಟಕಿ ತುಂಬಿದ ದೊಡ್ಡ ಕಮಾನು. ಆಸರೆ ಗೋಡೆಗಳೂ ಇವೆ, ಆದರೆ ಎಲ್ಲಿವೆ ಅಂತ ಹುಡುಕಬೇಕು. ಅರ್ಧ ಒಳಗೆ, ಅರ್ಧ ಹೊರಗೆ ಇಟ್ಟು, ನಡುವಿನ ಜಾಗದಲ್ಲಿ ಮೊಗಸಾಲೆ ಮಾಡಿ ಮರೆಸಿಬಿಟ್ಟಿದ್ದಾನೆ. ನೆರಳಿದೆ ಅಂತ ಜನ ಅಲ್ಲಿ ನಿಲ್ಲುತ್ತಾರೆ, ಬೆನ್ನ ಹಿಂದಿನ ಗೋಡೆ ಏನು ಹೊತ್ತಿದೆ ಅಂತ ಯಾರಿಗೂ ಗೊತ್ತಾಗಲ್ಲ.

ನನಗೆ ಅದಕ್ಕಿಂತ ಖುಷಿ ಕೊಟ್ಟ ವಿಷಯ ಇನ್ನೊಂದಿದೆ. ಆ ಕಟ್ಟಡದ ಲೆಕ್ಕದ ಪುಸ್ತಕಗಳು ಇವತ್ತಿಗೂ ಉಳಿದಿವೆ! ಯಾವ ಊರಿನ ಗೌಂಡಿ, ಎಷ್ಟು ಕೂಲಿ, ಯಾವ ಕಲ್ಲು ಎಲ್ಲಿಂದ ಬಂತು, ಎಲ್ಲ ಬರೆದಿಟ್ಟಿದ್ದಾರೆ. ನಮ್ಮ ಮಸ್ಟರ್ ರೋಲ್ ಇದ್ದಂತೆಯೇ. ಅದನ್ನು ಓದಿದ ವಿದ್ವಾಂಸರ ಪ್ರಕಾರ ಕೆಲಸಗಾರರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಕ್ರಿಶ್ಚಿಯನ್ನರು. ಸುಲ್ತಾನನ ಮಸೀದಿಗೆ ಕಲ್ಲು ಇಟ್ಟು ಸಂಜೆ ಕೂಲಿ ತೆಗೆದುಕೊಂಡು ತಮ್ಮ ಮನೆಗೆ ಹೋದವರು. ಮತ್ತೆ ಒಳಗೆ ಸಾವಿರಾರು ಎಣ್ಣೆ ದೀಪ ಉರಿಯುತ್ತಿದ್ದ ಕಾಲದಲ್ಲಿ ಗಾಳಿ ಎಳೆದುಕೊಂಡು ಹೋಗುವ ದಾರಿ ಮಾಡಿ, ಮಸಿಯನ್ನೆಲ್ಲ ಬಾಗಿಲ ಮೇಲಿನ ಒಂದು ಕೋಣೆಗೆ ಸೇರುವಂತೆ ಮಾಡಿದ್ದನಂತೆ, ಆ ಮಸಿಯಿಂದ ಬರೆಯುವ ಶಾಯಿ ತಯಾರಿಸುತ್ತಿದ್ದರಂತೆ. ಸಿನಾನ್‌ನ ಗೋರಿಯೂ ಅಲ್ಲೇ ಕಾಂಪೌಂಡಿನ ಹೊರಮೂಲೆಯಲ್ಲಿದೆ. ಸಣ್ಣದು. ತಪ್ಪಿಸಬೇಡ.

ಅಂದ ಹಾಗೆ, ನಮ್ಮ ವಿಜಯಪುರದ ಬುರುಜಿನ ಮೇಲೆ ನೀನು ಚಿಕ್ಕವಳಿದ್ದಾಗ ಹತ್ತಿ ಕೂರುತ್ತಿದ್ದ ಮಲಿಕ್-ಎ-ಮೈದಾನ್ ತೋಪು ಇದೆಯಲ್ಲ, ಅದನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನು ಒಬ್ಬ ರೂಮಿ, ತುರ್ಕರ ಸೀಮೆಯವನು. ಅದರ ಮರುವರ್ಷವೇ ಸುಲೇಮಾನಿಯೆಗೆ ಅಡಿಪಾಯ. ಆ ಕಾಲದ ಕುಶಲಕರ್ಮಿಗಳು ಎಲ್ಲಿಂದ ಎಲ್ಲಿಗೆ ಬರುತ್ತಿದ್ದರು ನೋಡು.

ಲೆಕ್ಕದ ಉತ್ತರ ಪೂರ್ತಿ ಸಿಗುವುದು ಇಸ್ತಾಂಬುಲ್‌ನಲ್ಲಿ ಅಲ್ಲ, ಎದಿರ್ನೆಯಲ್ಲಿ. ಬಲ್ಗೇರಿಯಾ ಗಡಿಯ ಹತ್ತಿರದ ಊರು, ಬಸ್ಸಿನಲ್ಲಿ ಹೋಗಿ ಬರಬಹುದು. ಸೆಲಿಮಿಯೆ ಮಸೀದಿ ಶುರು ಮಾಡಿದಾಗ, 1568ರಲ್ಲಿ, ಸಿನಾನ್‌ಗೆ ಸುಮಾರು 80 ವಯಸ್ಸು. ಹಾಗಿಯಾ ಸೋಫಿಯಾದಲ್ಲಿ, ಸುಲೇಮಾನಿಯೆಯಲ್ಲಿ ಗುಮ್ಮಟ ಹೊತ್ತ ನಾಲ್ಕು ಕಂಬದ ಹಂಗೇ ಬೇಡ ಅಂತ ಇಲ್ಲಿ ಎಂಟು ಕಂಬ ನಿಲ್ಲಿಸಿದ, ಅವನ್ನೂ ಗೋಡೆಯ ಹತ್ತಿರಕ್ಕೆ ಸರಿಸಿದ. ಸುಮಾರು 31 ಮೀಟರ್ ಅಗಲದ ಗುಮ್ಮಟ ಒಂದೇ ಒಂದು, ಅದರ ಕೆಳಗೆ ಇಡೀ ಜಾಗ ಒಂದೇ ಕೋಣೆ. ಹಾಗಿಯಾ ಸೋಫಿಯಾವನ್ನು ಮೀರಿಸಿದೆ ಅಂತ ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದ. ಟೇಪು ಹಿಡಿದರೆ ಅಗಲ ಹೆಚ್ಚುಕಡಿಮೆ ಸಮ, ನೆಲದಿಂದ ಎತ್ತರದಲ್ಲಿ ಇದೇ ಕಡಿಮೆ. ಇರಲಿ ಬಿಡು, ಆ ವಯಸ್ಸಿನಲ್ಲಿ ಅಷ್ಟು ಕಟ್ಟಿದವನಿಗೆ ಅಷ್ಟು ಜಂಭ ಇರಬೇಕು. ಒಳ ಅಗಲ ನೋಡಿದರೆ ನಮ್ಮ ಗೋಳಗುಮ್ಮಟವೇ ದೊಡ್ಡದು, ಸುಮಾರು 38 ಮೀಟರ್. ನಿಮ್ಮಪ್ಪ ಇದನ್ನು ಗೈಡಿಗೆ ಹೇಳಿ ಜಗಳಕ್ಕೇ ನಿಂತಿದ್ದರು. ಸೆಲಿಮಿಯೆಯ ಎರಡು ಮಿನಾರುಗಳಲ್ಲಿ ಮೂರು ಬೇರೆ ಬೇರೆ ಮೆಟ್ಟಿಲ ದಾರಿಗಳಿವೆ. ಮೂವರು ಒಟ್ಟಿಗೆ ಹತ್ತಿದರೂ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಎಪ್ಪತ್ತು ಮೀಟರ್ ಎತ್ತರದ ಸಪೂರ ಕಂಬದೊಳಗೆ ಅದನ್ನು ಹೇಗೆ ತೂರಿಸಿದನೋ! 2021ರಲ್ಲಿ ದುರಸ್ತಿ ಕೆಲಸ ಶುರುವಾಗಿತ್ತು, ಮುಗಿದಿದೆಯಾ ಅಂತ ಹೋಗುವ ಮುಂಚೆ ಒಮ್ಮೆ ವಿಚಾರಿಸು.

ಸುಲ್ತಾನ್ ಅಹ್ಮದ್ ಮಸೀದಿಗೆ, ಅದೇ ಎಲ್ಲರೂ ನೀಲಿ ಮಸೀದಿ ಅನ್ನುವುದು, ನಾನು ಹೇಳದಿದ್ದರೂ ಹೋಗುತ್ತೀಯ. ಒಳಗೋಡೆಗೆ ಇಜ್ನಿಕ್ ಊರಿನ 20,000ಕ್ಕೂ ಜಾಸ್ತಿ ಬಣ್ಣದ ಹೆಂಚು (ಟೈಲ್ಸ್), ಆರು ಮಿನಾರು, 1616ರ ಹೊತ್ತಿಗೆ ಕಟ್ಟಿದ್ದು. ಚೆಂದವೇ. ಆದರೆ ಅದರ ನಾಲ್ಕು ಕಂಬ ನೋಡು, ಅಲ್ಲಿನವರು ಅವನ್ನು ಆನೆ ಕಾಲು ಅಂತಲೇ ಕರೆಯುತ್ತಾರೆ. ಒಂದೊಂದೂ ಸುಮಾರು ಐದು ಮೀಟರ್ ದಪ್ಪ. ಗುಮ್ಮಟವಾದರೆ ಸೆಲಿಮಿಯೆಗಿಂತ ಚಿಕ್ಕದು. ಸಿನಾನ್ ಇದ್ದಿದ್ದರೆ ಬಿಲ್ ಪಾಸು ಮಾಡುತ್ತಿರಲಿಲ್ಲ. ಹೆಂಚು ನೋಡಬೇಕಾದರೆ ರುಸ್ತುಮ್ ಪಾಷಾ ಮಸೀದಿಯೇ ನನಗೆ ಇಷ್ಟ. ಸಂತೆಬೀದಿ ನಡುವೆ, ಅಂಗಡಿಗಳ ತಲೆಯ ಮೇಲೆ ಕಟ್ಟಿದ್ದು. ಆಗ ಮಸೀದಿಯ ಖರ್ಚಿಗೆ ಕೆಳಗಿನ ಅಂಗಡಿಗಳ ಬಾಡಿಗೆ ಬರುತ್ತಿತ್ತು. ಸುಣ್ಣ ಬಣ್ಣಕ್ಕೆ ಗ್ರಾಂಟ್ ಕಾಯಬೇಕಾಗಿರಲಿಲ್ಲ.

ಅಲ್ಲೇ ಹತ್ತಿರ, ದೋಣಿ ಹತ್ತುವ ಜಾಗದ ಎದುರಿಗಿರುವ ಯೆನಿ ಜಾಮಿ ಅನ್ನುವ ಮಸೀದಿ ಕಂಡರೆ ನನಗೆ ನಗು ಬರುತ್ತದೆ. 1597ರಲ್ಲಿ ಸುಲ್ತಾನನ ತಾಯಿ ಸಫಿಯೆ ಶುರು ಮಾಡಿಸಿದಳು. ಅಡಿಪಾಯ ಅಗೆದರೆ ಬರೀ ನೀರು. ಪಂಪು ಇಟ್ಟು ನೀರು ಎತ್ತಿ, ಗೂಟ ಹೊಡೆದು, ಅದರ ಮೇಲೆ ಕಲ್ಲು ಕೂರಿಸಿದರು. ಆಮೇಲೆ 1603ರಲ್ಲಿ ಮಗ ತೀರಿಕೊಂಡ, ಅಮ್ಮನ ಮಾತು ನಡೆಯುವುದು ನಿಂತಿತು, ಕೆಲಸವೂ ನಿಂತಿತು. ಅರ್ಧ ಎದ್ದ ಗೋಡೆಗಳು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ನಿಂತಿದ್ದವು. ಕೊನೆಗೆ 1660ರ ದಶಕದಲ್ಲಿ ತುರ್ಹಾನ್ ಅನ್ನುವ ಇನ್ನೊಬ್ಬ ಸುಲ್ತಾನನ ತಾಯಿ ಮುಗಿಸಿದಳು. ನೀರಿನ ದಡದಲ್ಲಿ ಹಾಕಿದ ಆ ಅಡಿಪಾಯ ಮಾತ್ರ ಇವತ್ತಿಗೂ ಗಟ್ಟಿ.

ಹೊಸದರಲ್ಲಿ ಚಾಮ್ಲಿಜಾ ಇದೆ, ಏಷ್ಯಾ ಬದಿಯ ಗುಡ್ಡದ ಮೇಲೆ, 2019ರಲ್ಲಿ ತೆರೆದದ್ದು. ದೇಶದಲ್ಲೇ ಅತಿ ದೊಡ್ಡದು, 60,000ಕ್ಕೂ ಹೆಚ್ಚು ಜನ ಹಿಡಿಸುತ್ತಾರಂತೆ. ವಿನ್ಯಾಸ ಮಾಡಿದ್ದು ಇಬ್ಬರು ಹೆಂಗಸರು, ಬಹಾರ್ ಮಿಜ್ರಾಕ್ ಮತ್ತು ಹೈರಿಯೆ ಗುಲ್ ತೋತು. ಸೈಟಿಗೆ ಹೋದರೆ 'ಇಂಜಿನಿಯರ್ ಸಾಹೇಬರು ಬರಲಿಲ್ವಾ' ಅಂತ ನನ್ನನ್ನೇ ಕೇಳುತ್ತಿದ್ದ ಕಾಲ ನೆನೆಸಿಕೊಂಡರೆ ನನಗೆ ಅದು ದೊಡ್ಡ ವಿಷಯ. ಆದರೂ ಕಾಂಕ್ರೀಟಿನಲ್ಲಿ ಹಳೇ ಆಕಾರವನ್ನೇ ಏಕೆ ತೆಗೆಯಬೇಕಿತ್ತು? ಸಿನಾನ್ ಎದುರಿಸಿದ ಕಷ್ಟ ಕಾಂಕ್ರೀಟಿಗೆ ಇಲ್ಲ. ನಿನಗೆ ಬೇರೆ ಅನಿಸಿದರೆ ಬರೆ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ನಾವು ನೋಡಲಾಗದೆ ಬಂದದ್ದು ಬೇಶೆಹಿರ್‌ನ ಎಶ್ರೆಫೊಲು ಮಸೀದಿ, ಕೊನ್ಯಾದಿಂದ ಆಚೆ, ಸರೋವರದ ಪಕ್ಕ. 1299ರ ಹೊತ್ತಿಗೆ ಮುಗಿದದ್ದು, 2023ರಲ್ಲಿ ಬೇರೆ ನಾಲ್ಕು ಮರದ ಮಸೀದಿಗಳ ಜೊತೆ ಯುನೆಸ್ಕೊ ಪಟ್ಟಿ ಸೇರಿತು. ಒಳಗೆ ಕಾಡಿನ ಹಾಗೆ ಮರದ ಕಂಬಗಳು. ನಡುವೆ ಒಂದು ಗುಂಡಿ, ಹಿಂದೆ ಅದರ ನೇರಕ್ಕೆ ಛಾವಣಿ ತೆರೆದಿತ್ತು. ಚಳಿಗಾಲದಲ್ಲಿ ಹಿಮ ಅದರಲ್ಲಿ ತುಂಬುತ್ತಿತ್ತು. ಅದು ನಿಧಾನಕ್ಕೆ ಕರಗುತ್ತಾ ಒಳಗಿನ ಗಾಳಿಯಲ್ಲಿ ತೇವ ಇಡುತ್ತಿದ್ದುದರಿಂದ ಕಂಬ ಒಣಗಿ ಬಿರಿಯಲಿಲ್ಲ ಅನ್ನುತ್ತಾರೆ. ನೀನು ಹೋದರೆ ಗುಂಡಿಯ ಫೋಟೋ ತೆಗಿ. ಗುಂಡಿಗೆ ಹತ್ತಿರ ಇರುವ ಕಂಬಕ್ಕೂ ಗೋಡೆ ಪಕ್ಕದ ಕಂಬಕ್ಕೂ ಬಿರುಕಿನಲ್ಲಿ ವ್ಯತ್ಯಾಸ ಇದೆಯಾ ನೋಡು. ಎರಡರ ಬುಡದ ಫೋಟೋ ಬೇಕು, ಹತ್ತಿರದಿಂದ, ಪಕ್ಕದಲ್ಲಿ ನಿನ್ನ ಪೆನ್ನು ಇಟ್ಟು. ಅಳತೆ ಗೊತ್ತಾಗಬೇಕಲ್ಲ.

ನಿನ್ನ
ಅಮ್ಮ