ಹೆಸರು ಹಾಕಬೇಡಿ ಅಂದ ಟೀಚರ್ ಅಕ್ಕನಿಗೆ

ಅಕ್ಕಾ, ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರಲು ಆಗುತ್ತಿಲ್ಲ.

ನನ್ನ ಮಗನಿಗೆ ಆಟಿಸಂ ಇದೆ. ಮಾತು ಕಡಿಮೆ, ಗದ್ದಲ ಜಾಸ್ತಿಯಾದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುತ್ತಾನೆ. ಮುಂಬೈಯ ಮುಲುಂಡಿನ ಆ ನರ್ಸರಿಯಲ್ಲಿ ನೀವು ಅವನನ್ನು ಒಂದು ದಿನವೂ ಎಳೆದು ತಂದು ಕೂರಿಸಲಿಲ್ಲ. ಬ್ಯಾಗ್ ಇಡುವುದು, ಹಾಡು, ಡಬ್ಬ, ಆಟ, ಮನೆಗೆ ಹೊರಡುವುದು, ಹೀಗೆ ದಿನದ ಕೆಲಸಗಳ ಚಿತ್ರಗಳನ್ನು ಅವನ ಕಣ್ಣಿಗೆ ಸಿಗುವ ಎತ್ತರದಲ್ಲಿ ಗೋಡೆಗೆ ಅಂಟಿಸಿದಿರಿ, ಒಂದೊಂದು ಮುಗಿದ ಹಾಗೆ ಅವನ ಕೈಯಿಂದಲೇ ತೆಗೆಸಿದಿರಿ, ಮುಂದೆ ಏನು ಅಂತ ಗೊತ್ತಾದ ಮೇಲೆ ಅವನ ಅಳು ಎಷ್ಟೋ ಇಳಿಯಿತು. ಈಗ ನೀರು ಬೇಕಾದರೆ ಲೋಟದ ಚಿತ್ರ ತಂದು ಕೊಡುತ್ತಾನೆ. ಚಿತ್ರ ಅಭ್ಯಾಸವಾದರೆ ಮಾತೇ ಬರಲ್ಲ ಅಂತ ನಾವು ಹೆದರಿದ್ದೆವು. ಅದು ಮಾತಿಗೆ ಅಡ್ಡಿಯಲ್ಲ ಅಂತ ಧೈರ್ಯ ಹೇಳಿದಿರಿ.

ಮನೆಯಲ್ಲಿ ಕನ್ನಡ, ಬಿಲ್ಡಿಂಗ್ ಕೆಳಗೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಮಗುವಿಗೆ ಗೊಂದಲ ಆಗುತ್ತೆ, ಕನ್ನಡ ಬಿಟ್ಟುಬಿಡಿ ಅಂತ ಎಷ್ಟು ಜನ ಹೇಳಿದ್ದರು! ಎರಡು ಮೂರು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ, ಅಜ್ಜಿಯ ಮಾತನ್ನು ಅವನಿಂದ ಯಾಕೆ ಕಸಿಯುತ್ತೀರಿ ಅಂತ ಗಟ್ಟಿಯಾಗಿ ಕೇಳಿದವರು ನೀವೊಬ್ಬರೇ. ಇದನ್ನಂತೂ ನಾನು ಮರೆಯುವುದಿಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ ಅಂತ ತಿಳಿಸಿ, ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿದ್ದೂ ನೀವೇ.

ಜೂನ್‌ನಿಂದ ಜೂನಿಯರ್ ಕೆಜಿ. ಅದೇ ಚಿತ್ರಗಳ ಒಂದು ಸೆಟ್ ಮಾಡಿ ಹೊಸ ಟೀಚರಿಗೆ ಕೊಟ್ಟಿದ್ದೇವೆ, ಅವರೂ ಖುಷಿಯಿಂದ ತೆಗೆದುಕೊಂಡರು.