ಅಡ್ವಾನ್ಸ್ ಕೊಡೋಕೆ ಮುಂಚೆ ಈ ಪತ್ರ ಓದು

ಪ್ರೀತಿಯ ಗೆಳೆಯಾ,

ಪೀಣ್ಯದಲ್ಲಿ ಕೆಲಸ ಆಯ್ತು, ಕೆಂಗೇರಿ ಆಚೆ ಎಂಟು ಸಾವಿರಕ್ಕೆ ಮನೆ ನೋಡಿದ್ದೀನಿ ಅಂತ ಬರೆದಿದ್ದೀಯ. ಕೆಲಸದ ಸುದ್ದಿ ಕೇಳಿ ಖುಷಿಯಾಯ್ತು ಕಣೋ. ಮನೆಗೆ ಮಾತ್ರ ಇನ್ನೂ ಅಡ್ವಾನ್ಸ್ ಕೊಡಬೇಡ.

ನೀನು ಊರಿಗೆ ಹೋದಾಗಿನ ಬೆಂಗಳೂರಿನ ಲೆಕ್ಕ ಈಗ ನಡೆಯಲ್ಲ. ಇಲ್ಲಿ ಪೆಟ್ರೋಲ್ ನೂರು ದಾಟಿದ್ದು 2021ರ ಜೂನ್‌ನಲ್ಲಿ. ಆಮೇಲೆ ಚೂರು ಇಳಿದು ಮತ್ತೆ ನೂರರ ಮೇಲೇ ಹೋಗಿ ಕೂತಿದೆ. ನೀನು ನೋಡಿರೋ ಮನೆಯಿಂದ ಪೀಣ್ಯಕ್ಕೆ ಹೋಗಿಬರೋಕೆ ದಿನಕ್ಕೆ ನಲವತ್ತು ಕಿಲೋಮೀಟರಾದರೂ ಆಗುತ್ತೆ. ಇಪ್ಪತ್ತೈದು ದಿನ ಅಂದರೆ ಸಾವಿರ ಕಿಲೋಮೀಟರು. ನಿನ್ನ ಹಳೇ ಗಾಡಿ ಈ ಟ್ರಾಫಿಕ್ಕಲ್ಲಿ ನಲವತ್ತೈದು ಕೊಟ್ಟರೆ ಅದರ ಪುಣ್ಯ. ತಿಂಗಳಿಗೆ ಎರಡು ಸಾವಿರದ ಮುನ್ನೂರು ಬರೀ ಪೆಟ್ರೋಲಿಗೇ ಹೋಯ್ತು. ಸರ್ವೀಸು, ಪಂಕ್ಚರ್ ಬೇರೆ.

ಬಸ್ಸಲ್ಲಿ ಹೋಗ್ತೀನಿ ಅಂತೀಯಾ? 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಐದು ರೂಪಾಯಿ ಟಿಕೆಟ್ ಆರಾಯ್ತು, ಹದಿನೈದರದ್ದು ಹದಿನೆಂಟು. 1,050 ಇದ್ದ ಬಿಎಂಟಿಸಿ ತಿಂಗಳ ಪಾಸು 1,200. ಮರು ತಿಂಗಳೇ ಮೆಟ್ರೊನೂ ಏರಿ, 60 ಇದ್ದ ಗರಿಷ್ಠ ದರ 90ಕ್ಕೆ ಹೋಯ್ತು.

ಬಸ್ಸಲ್ಲಿ ಗಂಡಸರದ್ದು ಒಂದೇ ಗೊಣಗಾಟ: ಹೆಂಗಸರಿಗೆ ಫ್ರೀ ಕೊಟ್ಟು ನಮ್ಮ ಜೇಬಿಗೆ ಕೈ ಹಾಕಿದರು ಅಂತ. ನಾನು ಒಪ್ಪಲ್ಲ. ಈ ಏರಿಕೆಗೆ ಮುಂಚೆ ಬಿಎಂಟಿಸಿ ದರ ಕೊನೇ ಸಲ ಏರಿ ಹತ್ತು ವರ್ಷವಾಗಿತ್ತು, ಆಗ ಡೀಸೆಲ್ ಅರವತ್ತು ಚಿಲ್ಲರೆ ಇತ್ತು. ಅಷ್ಟು ವರ್ಷ ತಡೆದಿಟ್ಟು ಒಂದೇ ಏಟಿಗೆ ಬಿಟ್ಟರೆ ಯಾರಿಗಾದರೂ ಉರಿಯುತ್ತೆ. ನನಗೆ ಸಿಟ್ಟು ಬರೋದು ಬೇರೆ ಕಡೆ. 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿದ್ದೂ ರಾಜ್ಯ ಸರ್ಕಾರವೇ, ಏಳು ತಿಂಗಳಿಗೆ ಡೀಸೆಲ್ ದುಬಾರಿಯಾಯ್ತು ಅಂತ ಟಿಕೆಟ್ ಏರಿಸಿದ್ದೂ ಅದೇ ಸರ್ಕಾರ. ಅಷ್ಟಕ್ಕೇ ಬಿಡದೆ 2025ರ ಏಪ್ರಿಲ್‌ನಲ್ಲಿ ಆ ತೆರಿಗೆಯನ್ನ ಇನ್ನೊಂದು ಸಲ ಏರಿಸಿ ಶೇ 21ರ ಮೇಲಕ್ಕೆ ಒಯ್ದರು.

ಹೋದ ಗುರುವಾರದ್ದು ಹೇಳ್ತೀನಿ ಕೇಳು. ಹದಿನೆಂಟರ ಟಿಕೆಟಿಗೆ ಇಪ್ಪತ್ತರ ನೋಟು ಕೊಟ್ಟೆ. ಕಂಡಕ್ಟರ್ ಬ್ಯಾಗನ್ನೆಲ್ಲ ತಡಕಾಡಿ, ಟಿಕೆಟ್ ಹಿಂದೆ ‘2’ ಅಂತ ಗೀಚಿ, ‘ಇಳಿಯೋವಾಗ ಇಸ್ಕೊಳಿ ಸರ್’ ಅಂದರು. ಪಕ್ಕದಲ್ಲಿ ನಿಂತಿದ್ದ ಹೂವಿನ ಬುಟ್ಟಿಯ ಅಜ್ಜಿ ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ನಾಣ್ಯ ನನ್ನ ಕೈಗಿಟ್ಟು, ‘ನಂದು ಫ್ರೀ ಅಲ್ವೇನಪ್ಪ, ನೀನಿಟ್ಕೋ. ನಾನು ಇವರ ಹತ್ರ ಆಮೇಲೆ ಇಸ್ಕೋತೀನಿ’ ಅಂದರು. ಇಡೀ ಬಸ್ಸು ನಕ್ಕಿತು, ಗೊಣಗುತ್ತಿದ್ದವರೂ ಸೇರಿ.

ಇರಲಿ, ನಿನ್ನ ವಿಷಯಕ್ಕೆ ಬರ್ತೀನಿ. ಲಗ್ಗೆರೆಯಲ್ಲಿ ನಮ್ಮ ಪರಿಚಯದವರದ್ದೊಂದು ಮನೆ ಖಾಲಿ ಇದೆ. ಬಾಡಿಗೆ ಹತ್ತೂವರೆ. ಎರಡೂವರೆ ಸಾವಿರ ಜಾಸ್ತಿ ಅನ್ನಿಸುತ್ತೆ, ಆದರೆ ಅಲ್ಲಿಂದ ನಿನ್ನ ಫ್ಯಾಕ್ಟರಿಗೆ ಸೈಕಲ್ ಸಾಕು. ನಿನ್ನ ಹೆಂಡತಿ ಗಾರ್ಮೆಂಟ್ಸಿಗೆ ಸೇರಿದರೆ ಶಕ್ತಿ ಯೋಜನೆಯಲ್ಲಿ ಬಸ್ಸು ಹೇಗೂ ಪುಕ್ಕಟೆ. ರಿಂಗ್ ರೋಡಲ್ಲಿ ದಿನಾ ಹೋಗೋ ಮೂರು ಗಂಟೆಯನ್ನ ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಭಾನುವಾರ ಇಬ್ಬರೂ ಬಂದು ನೋಡಿಬಿಡಿ. ಮಧ್ಯಾಹ್ನದ ಊಟ ನಮ್ಮನೇಲೇ. ಬರೋವಾಗ ಒಂದಷ್ಟು ಚಿಲ್ಲರೆ ಇಟ್ಟುಕೊಂಡು ಬಾ ಮಾರಾಯ.

ನಿನ್ನ ಗೆಳೆಯ