ಎಂಜಲು ಬೇರೆ, ತಂಗಳು ಬೇರೆ, ಹಳಸಿದ್ದು ಬೇರೆ

ಮಾನ್ಯ ಸಂಪಾದಕರೇ,

ಮದುವೆ ಮನೆಯಲ್ಲಿ ಮಿಕ್ಕ ಅಡುಗೆಯನ್ನು ಹಂಚುವ ಸುದ್ದಿ ಬರೆಯುವಾಗ ದಯವಿಟ್ಟು ‘ಎಂಜಲು’ ಎಂಬ ಪದ ಬಳಸಬೇಡಿ. ಬಾಯಿ ತಾಗಿದ್ದು, ಉಂಡವರು ಎಲೆಯಲ್ಲಿ ಬಿಟ್ಟದ್ದು ಎಂಜಲು. ಕೊಪ್ಪರಿಗೆಯಲ್ಲೇ ಉಳಿದ, ಸೌಟು ಬಿಟ್ಟು ಬೇರೇನೂ ಮುಟ್ಟದ ಅನ್ನವನ್ನು ಹಾಗೆ ಕರೆದರೆ ಉಣ್ಣುವವರಿಗೆ ಅವಮಾನ. ಉಳಿದ ಆಹಾರ ಹಂಚುವ ಬಗ್ಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ತಂದ ನಿಯಮಗಳೂ ಬಳಸದೆ ಉಳಿದ, ಸುರಕ್ಷಿತ ಆಹಾರಕ್ಕೇ ಅನ್ವಯ. ‘ಮಿಕ್ಕ ಅಡುಗೆ’ ಎಂದರೆ ಸಾಕು.

ತಂಗಳು ಎಂದರೆ ರಾತ್ರಿ ತಂಗಿದ್ದು. ಅದು ಕೆಟ್ಟಿರಲೇಬೇಕೆಂದಿಲ್ಲ. ನೀರು ಹಾಕಿಟ್ಟ ತಂಗಳನ್ನಕ್ಕೆ ಬರುವ ತೆಳು ಹುಳಿ, ಮೊಸರನ್ನು ಹುಳಿಯಾಗಿಸುವ ಜಾತಿಯ ಬ್ಯಾಕ್ಟೀರಿಯಾಗಳದ್ದು. ಹಳಸಿದ ಅನ್ನದ ಲಕ್ಷಣವೇ ಬೇರೆ: ಅಗುಳು ಲೋಳೆಯಾಗುತ್ತದೆ, ಬೆರಳಲ್ಲಿ ಹಿಸುಕಿ ಬಿಡಿಸಿದರೆ ನೂಲೆಳೆಯುತ್ತದೆ. ಸಾರು ಹಳಸಿದರೆ ಒಲೆಯ ಮೇಲಿಲ್ಲದಿದ್ದರೂ ಗುಳ್ಳೆ, ನೊರೆ ಏಳುತ್ತದೆ.

ಆದರೆ ‘ಹಳಸಿಲ್ಲವಲ್ಲ, ಬಡಿಸೋಣ’ ಎನ್ನುವುದೇ ಅಪಾಯ. ಮೂಗಿಗೆ ತಿಳಿಯದ ಕೆಡುಕೂ ಉಂಟು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಕುದಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತರೆ ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಹಾಗಾಗಿ ಮೂಗಿಗಿಂತ ಗಡಿಯಾರ ನಂಬುವುದು ಮೇಲು. ತಂಗಳು ಎಂಬ ಪದ ಹೇಳುವುದೂ ಹೊತ್ತನ್ನೇ.

ಮಿಕ್ಕದ್ದನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿಡಿ, ಇಲ್ಲವೇ ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಎಲ್ಲರೂ ಎಡವುವುದು ಇಲ್ಲಿಯೇ: ತುಂಬಿದ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಅಂಚು ತಣ್ಣಗಾದರೂ ನಡುವಿನ ಅನ್ನ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲ ತಟ್ಟೆಗಳಲ್ಲಿ ಎರಡು ಅಂಗುಲ ಮೀರದಂತೆ ಹರಡಿ, ಆರಿಸಿ, ಮುಚ್ಚಿಡಬೇಕು. ಮರುದಿನ ಬೇಕಾದಷ್ಟನ್ನೇ ತೆಗೆದು ಹಬೆಯಾಡುವವರೆಗೆ ಬಿಸಿ ಮಾಡಿ, ಒಮ್ಮೆ ಮಾತ್ರ. ಸಾರು, ಹುಳಿ ಆದರೆ ಕುದಿ ಬರಲೇಬೇಕು.

ಅಡುಗೆ ಹಂಚುವವರು ಪ್ರತಿ ಪಾತ್ರೆಗೂ ಅದು ಒಲೆಯಿಂದ ಇಳಿದ ಹೊತ್ತು ಬರೆದ ಚೀಟಿ ಅಂಟಿಸಲಿ. ಪತ್ರಿಕೆಯೂ ಎಷ್ಟು ಜನ ಉಂಡರು ಎಂಬುದರ ಜತೆಗೆ, ಎಷ್ಟು ಹೊತ್ತಿಗೆ ಬೇಯಿಸಿದ್ದನ್ನು ಎಷ್ಟು ಹೊತ್ತಿಗೆ ಬಡಿಸಿದರು ಎಂದೂ ಬರೆಯಲಿ.

— ಓದುಗರು